ತಿಲಿಸ್ಮ್-ಎ-ಹೋಶ್‌ರುಬಾ: ಮರೆತ ಕಥೆ ಮತ್ತೆ ಸಿಕ್ಕ ಬಗೆ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ. ಸ್ಮರಣ ಸಂಚಿಕೆಗಾಗಿ ಬರೆದುಕೊಟ್ಟದ್ದು.)



ಸಂಘದ ಹುಡುಗರು "ಓದಿನ ಬಗ್ಗೆ ನಾಲ್ಕು ಮಾತು ಹೇಳ್ರಿ" ಅಂತ ಕರೆದರು. ಓದ್ರಿ, ಓದ್ರಿ ಅಂತ ಬರೀ ಉಪದೇಶ ಮಾಡಿದರೆ ಯಾರೂ ಓದೋದಿಲ್ಲ. ಅದಕ್ಕೆ ಇವತ್ತು ಒಂದೇ ಒಂದು ಪುಸ್ತಕದ ಮಾತು ಎತ್ತಿಕೊಂಡು ಬಂದೀನಿ. ಅದು ಒಂದು ಕಾಲಕ್ಕೆ ಲಕ್ಷಾಂತರ ಜನರ ಬಾಯಲ್ಲಿದ್ದ ಕಥೆ. ಆಮೇಲೆ ಜನ ಅದನ್ನು ಮರೆತರು. ನಮ್ಮ ಕಾಲದಲ್ಲಿ ಕೆಲವರು ಹುಡುಕಿ ಮತ್ತೆ ಎಬ್ಬಿಸಿದರು. ಮರೆತದ್ದು ಯಾಕೆ, ಮತ್ತೆ ಸಿಕ್ಕಿದ್ದು ಹೇಗೆ, ಇದರಿಂದ ನಮ್ಮ ಕೇರಿಗೆ ಏನು ಅನ್ನೋದು ನನ್ನ ಮಾತು.

ಪುಸ್ತಕದ ಹೆಸರು ತಿಲಿಸ್ಮ್-ಎ-ಹೋಶ್‌ರುಬಾ. ಉರ್ದುವಿನಲ್ಲಿದೆ. ತಿಲಿಸ್ಮ್ ಅಂದರೆ ಮಾಟಗಾರರು ಕಟ್ಟಿದ ಮಾಯಾಲೋಕ. ಹೋಶ್‌ರುಬಾ ಅಂದರೆ ಹೋಶ್ ಕದಿಯುವಂಥದ್ದು. "ಹೋಶ್ ಇಟ್ಕೊಂಡು ಮಾತಾಡು" ಅಂತ ನಾವು ದಿನಾ ಅಂತೀವಲ್ಲ, ಅದೇ ಹೋಶ್. ಲಖನೌ ಪಟ್ಟಣದ ನವಲ್ ಕಿಶೋರ್ ಪ್ರೆಸ್ಸು 1883ರಿಂದ 1893ರವರೆಗೆ ಇದನ್ನು 8 ಸಂಪುಟಗಳಲ್ಲಿ ಅಚ್ಚು ಹಾಕಿತು. ಮೊದಲ ನಾಲ್ಕು ಸಂಪುಟ ಬರೆದವರು ಮುಹಮ್ಮದ್ ಹುಸೇನ್ ಜಾಹ್, ಉಳಿದವನ್ನು ಬರೆದವರು ಅಹ್ಮದ್ ಹುಸೇನ್ ಕಮರ್. ಎಲ್ಲ ಸೇರಿ ಸುಮಾರು 8,000 ಪುಟ. ಇಷ್ಟು ದೊಡ್ಡದಾದರೂ ಇದು ಇನ್ನೂ ದೊಡ್ಡ ಕಥೆಯ ಒಂದು ಭಾಗ ಮಾತ್ರ. ಅಮೀರ್ ಹಮ್ಜಾನ ದಾಸ್ತಾನ್ ಅಂತ ಆ ದೊಡ್ಡ ಕಥೆಯ ಹೆಸರು. ಅದೇ ಪ್ರೆಸ್ಸು ಅದನ್ನು ಒಟ್ಟು 46 ಸಂಪುಟಗಳಲ್ಲಿ ತಂದಿತು. ಆ ಪ್ರೆಸ್ಸನ್ನು 1858ರಲ್ಲಿ ಶುರು ಮಾಡಿದ ಮುನ್ಷಿ ನವಲ್ ಕಿಶೋರ್ ಹಿಂದೂ. ಕಥೆ ಬರೆದವರು ಮುಸ್ಲಿಮರು. ಓದಿದವರು, ಓದಿಸಿ ಕೇಳಿದವರು ಎರಡೂ ಕಡೆಯವರು.

ಇಲ್ಲಿ ಕೂತ ಎಷ್ಟೋ ತಮ್ಮಂದಿರು ಮೊಬೈಲಿನಲ್ಲಿ ಲಾರ್ಡ್ ಆಫ್ ದಿ ರಿಂಗ್ಸ್ ನೋಡಿದ್ದೀರಿ, ಹ್ಯಾರಿ ಪಾಟರ್ ನೋಡಿದ್ದೀರಿ. ಮೊದಲನೆಯದು ಪುಸ್ತಕವಾಗಿ ಬಂದದ್ದು 1954-55ರಲ್ಲಿ, ಎರಡನೆಯದು 1997ರಲ್ಲಿ. ಹೊದ್ದುಕೊಂಡರೆ ಮೈ ಕಾಣದಂಥ ಕಂಬಳಿ, ಏನು ಹಾಕಿದರೂ ತುಂಬದ ಚೀಲ, ಮಾಟಗಾರ ರಾಜ, ಅವನ ಮೇಲೆ ಯುದ್ಧ, ಇವೆಲ್ಲ ಲಖನೌದಲ್ಲಿ ಅದಕ್ಕಿಂತ 60-70 ವರ್ಷ ಮೊದಲೇ ಅಚ್ಚಾಗಿದ್ದವು. ಬಾಯಿಮಾತಿನಲ್ಲಿ ಅದಕ್ಕೂ ಎಷ್ಟೋ ಹಿಂದಿನಿಂದ ಇದ್ದವು. ಒಬ್ಬರು ಇನ್ನೊಬ್ಬರದನ್ನು ಕದ್ದರು ಅಂತ ನಾನು ಹೇಳ್ತಿಲ್ಲ. ನಮ್ಮ ಮನೆಯ ಅಟ್ಟದ ಮೇಲೆ ಇಂಥದ್ದು ಇತ್ತು, ನಾವು ಏಣಿ ಹಾಕಿ ನೋಡಲಿಲ್ಲ ಅಷ್ಟೇ.

"ನಮ್ಮ ಮನೆ ಯಾವುದು, ಲಖನೌ ಎಲ್ಲಿ?" ಅಂತ ನೀವು ಕೇಳಬಹುದು. ನಾವು ನಿಜಾಮರ ರಾಜ್ಯದ ಮಂದಿ. 1948ರವರೆಗೆ ಇಲ್ಲಿ ಆಡಳಿತದ ಭಾಷೆ ಉರ್ದು. 1956ರಲ್ಲಿ ಹೈದರಾಬಾದ್ ರಾಜ್ಯವನ್ನು ಮೂರು ಭಾಗ ಮಾಡಿದಾಗ ರಾಯಚೂರು ಆಕಡೆ ಹೋಯಿತು, ಮಕ್ತಲ, ನಾರಾಯಣಪೇಟೆ ಕಡೆಯ ನಮ್ಮಂಥ ಕನ್ನಡದ ಹಳ್ಳಿಗಳು ಈಕಡೆ ಉಳಿದವು. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತೆಲುಗು, ಸಂತೆಯಲ್ಲಿ ಎರಡರ ಜೊತೆಗೆ ದಖನಿ ಉರ್ದು. ನಮ್ಮ ಅಜ್ಜಂದಿರಿಗೆ ಉರ್ದು ಕೇಳಿದರೆ ತಿಳೀತಿತ್ತು. ಓದೋದಕ್ಕೆ ಬರ್ತಿರಲಿಲ್ಲ. ಯಾಕಂದ್ರ ಓದುವ ಜಾಗದ ತನಕ ಅವರನ್ನು ಬಿಟ್ಟವರಿರಲಿಲ್ಲ. ಬಿಟ್ಟಿ ದುಡಿಮೆಗೆ ಕರೆಯುವ ಕಾಗದವೂ ಆ ಲಿಪಿಯಲ್ಲೇ ಬರ್ತಿತ್ತು, ಇಂಥ ಕಥೆಯೂ ಆ ಲಿಪಿಯಲ್ಲೇ ಇತ್ತು. ನಮ್ಮ ಪಾಲಿಗೆ ಬಂದದ್ದು ಮೊದಲನೆಯದು ಮಾತ್ರ.

ಈಗ ಕಥೆಗೆ ಬರೋಣ.

ಹೋಶ್‌ರುಬಾ ಅನ್ನೋ ಮಾಯಾರಾಜ್ಯದ ದೊರೆ ಅಫ್ರಾಸಿಯಾಬ್. ಮಾಟಗಾರರಿಗೆಲ್ಲ ಚಕ್ರವರ್ತಿ. ಅವನ ರಾಜ್ಯದಲ್ಲಿ ಮೂರು ಭಾಗ: ಕಣ್ಣಿಗೆ ಕಾಣುವ ಜಾಹಿರ್, ಕಾಣದಂಥ ಬಾತಿನ್, ಕತ್ತಲ ಲೋಕವಾದ ಜುಲ್ಮಾತ್. ಅವನ ಹತ್ತಿರ ಒಂದು ಪುಸ್ತಕ ಇದೆ, ಸಾಮರಿಯ ಪುಸ್ತಕ ಅಂತ. ಎಲ್ಲಿ ಏನು ನಡೀತಿದೆ ಅಂತ ಕೇಳಿ ತೆರೆದರೆ ಅದು ಹೇಳುತ್ತದೆ. ಇತ್ತ, ತಾನೇ ದೇವರು ಅಂತ ಹೇಳಿಕೊಳ್ಳುವ ಲಕಾ ಅನ್ನೋ ದೈತ್ಯ ಹಮ್ಜಾನ ಸೈನ್ಯಕ್ಕೆ ಹೆದರಿ ಓಡಿಬಂದು ಹೋಶ್‌ರುಬಾದ ಪಕ್ಕದ ರಾಜ್ಯದಲ್ಲಿ ಅಡಗುತ್ತಾನೆ. ಅಫ್ರಾಸಿಯಾಬ್ ಅವನ ಬೆಂಬಲಕ್ಕೆ ನಿಲ್ಲುತ್ತಾನೆ. ಯುದ್ಧ ಶುರು. ಈ ತಿಲಿಸ್ಮನ್ನು ಒಡೆಯುವ ಭಾಗ್ಯ ಹಮ್ಜಾನ ಮೊಮ್ಮಗ ಅಸದ್‌ನ ಹಣೆಯಲ್ಲಿ ಬರೆದಿದೆ. ಅವನು ಹೊರಡುತ್ತಾನೆ. ಅವನ ಹಿಂದೆ ಐದು ಜನ ಅಯ್ಯಾರರು ಹೊರಡುತ್ತಾರೆ.

ಅಯ್ಯಾರ ಅಂದ ಕೂಡಲೇ ನಮ್ಮ ವಯಸ್ಸಿನವರಿಗೆ ಭಾನುವಾರದ ದೂರದರ್ಶನ ನೆನಪಾಗುತ್ತದೆ. ಚಂದ್ರಕಾಂತಾ ಧಾರಾವಾಹಿ, ಕ್ರೂರ್‌ಸಿಂಗನ "ಯಕ್ಕು" ಎಲ್ಲರಿಗೂ ಗೊತ್ತು. ದೇವಕೀನಂದನ ಖತ್ರಿ ಅವರು 1880ರ ದಶಕದ ಕೊನೆಯಲ್ಲಿ ಹಿಂದಿಯಲ್ಲಿ ಬರೆಯಲು ಶುರು ಮಾಡಿದ ಕಾದಂಬರಿ ಅದು. ಅದರೊಳಗಿನ ಅಯ್ಯಾರರು, ತಿಲಿಸ್ಮು ಎರಡೂ ಬಂದದ್ದು ಈ ದಾಸ್ತಾನಿನ ಪರಂಪರೆಯಿಂದಲೇ. ಅಯ್ಯಾರ ಅಂದರೆ ವೇಷ ಬದಲಿಸುವವನು, ಗೂಢಚಾರ, ಮಹಾ ಚಾಲಾಕು ಮನುಷ್ಯ. ಅವನಿಗೆ ಮಾಟ ಬರೋದಿಲ್ಲ. ಅವನ ಹತ್ತಿರ ಇರೋದು ಬುದ್ಧಿ, ಕಾಲಿನ ಓಟ, ಎಚ್ಚರ ತಪ್ಪಿಸುವ ಪುಡಿ, ಬೇಕಾದ ವೇಷ.

ಐವರಲ್ಲಿ ಮೊದಲಿಗ ಅಮರ್ ಅಯ್ಯಾರ್. ಇವನ ಹುಟ್ಟಿನ ಕಥೆ ಕೇಳ್ರಿ. ಹಮ್ಜಾ ಹುಟ್ಟಿದ್ದು ಒಡೆಯರ ಮನೆಯಲ್ಲಿ. ಅದೇ ದಿನ ಹುಟ್ಟಿದ ಗಂಡುಮಕ್ಕಳಿಗೆ ಹೊನ್ನು ಕೊಡುತ್ತೇನೆ ಅಂತ ರಾಜನ ಮಂತ್ರಿ ಹೇಳಿರುತ್ತಾನೆ. ಆ ಮನೆಯ ಆಳೊಬ್ಬನ ಹೆಂಡತಿ ಬಸುರಿ, ಇನ್ನೂ ದಿನ ತುಂಬಿಲ್ಲ. ಹೊನ್ನಿನ ಆಸೆಗೆ ಆ ಗಂಡ ಅವಳ ಹೊಟ್ಟೆಗೆ ಒದೆಯುತ್ತಾನೆ. ಮಗು ಹುಟ್ಟುತ್ತದೆ, ತಾಯಿ ಸಾಯುತ್ತಾಳೆ. ಆ ಮಗುವೇ ಅಮರ್. ಮಂತ್ರಿ ಎತ್ತಿಕೊಂಡಾಗ ಆ ಹಸುಗೂಸು ಅವನ ಬೆರಳಿನ ಉಂಗುರ ಎಳೆದು ಬಾಯಲ್ಲಿ ಹಾಕಿಕೊಳ್ಳುತ್ತದೆ. ಕೇಳಿದವರು ಇಲ್ಲಿ ನಗುತ್ತಾರೆ. ನನಗೆ ಮಾತ್ರ ನಗುವಿನ ಜೊತೆ ಹೊಟ್ಟೆಯೊಳಗೆ ಚುರುಕ್ ಅನ್ನುತ್ತದೆ. ಹೊನ್ನಿನ ಆಸೆಗೆ ತಾಯಿಯನ್ನು ಕಳಕೊಂಡು ಹುಟ್ಟಿದ ಕೂಸು ಮೊದಲು ಕೈ ಹಾಕಿದ್ದು ಹೊನ್ನಿಗೇ. ಈ ಲೋಕದಲ್ಲಿ ಯಾವುದಕ್ಕೆ ಬೆಲೆ, ಯಾರಿಗೆ ಬೆಲೆಯಿಲ್ಲ ಅಂತ ಆಳಿನ ಮನೆಯ ಕೂಸಿಗೆ ಹುಟ್ಟುತ್ತಲೇ ಗೊತ್ತಾಗಿದೆ.

ಅಮರ್ ನೋಡೋದಕ್ಕೆ ಚೆಂದ ಇಲ್ಲ, ಜಿಪುಣ, ಆಸೆಬುರುಕ. ಆದರೆ ಅವನಿಲ್ಲದೆ ಹಮ್ಜಾ ಒಂದು ಯುದ್ಧವನ್ನೂ ದಡ ಮುಟ್ಟಿಸಲಾರ. ಅವನ ಹತ್ತಿರ ಜಂಬೀಲ್ ಅಂತ ಒಂದು ಚೀಲ ಇದೆ. ಅದರೊಳಗೆ ಊರಿಗೆ ಊರೇ ಹಿಡಿಸುತ್ತದೆ. ಗಿಲೀಮ್ ಅಂತ ಒಂದು ಕಂಬಳಿ ಇದೆ. ಹೊದ್ದರೆ ಯಾರ ಕಣ್ಣಿಗೂ ಬೀಳೋದಿಲ್ಲ. ಆದರೆ ಈ ಐವರು ಹೆಚ್ಚು ಸಲ ಗೆಲ್ಲುವುದು ಕಂಬಳಿಯಿಂದಲ್ಲ, ವೇಷದಿಂದ. ಅಡುಗೆಯವರಾಗಿ, ತೋಟದ ಮಾಲಿಯಾಗಿ, ಹಾಡುವ ಹೆಂಗಸಾಗಿ, ಶರಬತ್ತು ಕೊಡುವ ದಾಸಿಯಾಗಿ ದೊಡ್ಡ ದೊಡ್ಡ ಮಾಟಗಾರರ ಡೇರೆಯೊಳಗೆ ಹೋಗುತ್ತಾರೆ. ಎಚ್ಚರ ತಪ್ಪಿಸುವ ಪುಡಿ ಶರಬತ್ತಿನಲ್ಲಿ ಬಿದ್ದಿರುತ್ತದೆ. ಕಣ್ಣಿನಿಂದ ಬೆಂಕಿ ಉಗುಳುವ ಮಾಟಗಾರ ಗೊರಕೆ ಹೊಡೆಯುತ್ತ ಬೀಳುತ್ತಾನೆ.

ಇಲ್ಲಿ ಸ್ವಲ್ಪ ನಿಲ್ರಿ. ಅಷ್ಟೆಲ್ಲ ಮಾಟ ಬಲ್ಲವನು ಯಾಕೆ ಮತ್ತೆ ಮತ್ತೆ ಮೋಸ ಹೋಗುತ್ತಾನೆ? ಎಲ್ಲವನ್ನೂ ಹೇಳುವ ಪುಸ್ತಕ ಕೈಯಲ್ಲಿದ್ದರೂ ಅವನ ದೊರೆ ಯಾಕೆ ತಡವಾಗಿ ಎಚ್ಚರಾಗುತ್ತಾನೆ? ಯಾಕಂದ್ರ ದೊಡ್ಡವರು ಆಳಿನ ಮುಖ ನೋಡೋದಿಲ್ಲ. ಬಟ್ಟಲು ನೋಡುತ್ತಾರೆ, ಬಟ್ಟಲು ಹಿಡಿದ ಕೈಯನ್ನು ನೋಡೋದಿಲ್ಲ. ನಿನ್ನೆ ಇದ್ದ ಆಳು, ಇವತ್ತು ಬಂದ ಆಳು ಅವರಿಗೆ ಒಂದೇ. ಆ ನೋಡದಿರುವ ಕಣ್ಣಿನ ಸಂದಿಯಲ್ಲೇ ಅಯ್ಯಾರ ಒಳಗೆ ಬರುತ್ತಾನೆ. ಹೊಲದ ಬದುವಿನಲ್ಲಿ, ದೊಡ್ಡ ಮನೆಯ ಹಿತ್ತಲಲ್ಲಿ, ಪಟ್ಟಣದ ಕಚೇರಿಯಲ್ಲಿ ಕಸ ಹೊಡೆಯುವಾಗ, "ನಾನು ಇಲ್ಲಿದ್ದೀನಿ, ಇವರಿಗೆ ಕಾಣ್ತಿಲ್ಲ" ಅಂತ ನಿಮಗೆ ಅನಿಸಿದ್ದಿಲ್ಲವೇ? ನಮಗೆ ಹೊದಿಸಿದ ಕಾಣದ ಕಂಬಳಿ ಅವಮಾನದ ಕಂಬಳಿ. ಅಮರ್ ಅದನ್ನೇ ಹತಾರ ಮಾಡಿಕೊಳ್ಳುತ್ತಾನೆ. ಈ ಕಥೆ ನಮ್ಮದೂ ಹೌದು ಅಂತ ನನಗೆ ಅನಿಸಿದ್ದು ಈ ಜಾಗದಲ್ಲಿ.

ಇನ್ನೊಂದು ಮಾತು. ಐವರಲ್ಲಿ ಒಬ್ಬ ಕಿರಾನ್, ಹಬ್ಶಿ, ಅಂದರೆ ಆಫ್ರಿಕಾದ ಕಪ್ಪು ಮನುಷ್ಯ. ಕಥೆಯಲ್ಲಿ ಅವನನ್ನು ಕರೆಯೋದು ಮೆಹ್ತರ್ ಕಿರಾನ್ ಅಂತ. ಮೆಹ್ತರ್! ಈ ಮಾತು ಕೇಳಿದ ಕೂಡಲೇ ನಮ್ಮ ಕಡೆ ಯಾರ ನೆನಪು ಬರುತ್ತದೆ ಹೇಳ್ರಿ. ಊರಿನ ಕಸ, ಹೇಲು ಬಳಿಯುವ ಕೆಲಸಕ್ಕೆ ನೂಕಿದ ಜನರ ಹೆಸರದು. ಬೈಗುಳವಾಗಿಯೂ ಬಳಸುತ್ತಾರೆ. ಆದರೆ ಪಾರಸಿಯಲ್ಲಿ ಆ ಮಾತಿನ ಮೂಲ ಅರ್ಥ "ಹೆಚ್ಚಿನವನು, ಹಿರಿಯ, ಮುಖಂಡ". ದಾಸ್ತಾನಿನಲ್ಲಿ ಅಯ್ಯಾರರ ಮುಖಂಡರಿಗೆ ಕೊಟ್ಟ ಬಿರುದು ಅದು. ಊರವರು ದುಡಿಯುವ ಜನರಿಗೆ ಬಿರುದು ಕೊಟ್ಟರು, ಹಕ್ಕು ಕೊಡಲಿಲ್ಲ. ಹಕ್ಕಿಲ್ಲದ ಬಿರುದು ಬರಬರುತ್ತ ಬೈಗುಳವಾಯಿತು. ಗಾಂಧೀಜಿ ಕೊಟ್ಟ "ಹರಿಜನ" ಅನ್ನೋ ಹೆಸರು ನಮಗೆ ಯಾಕೆ ಬ್ಯಾಡ ಅಂತ ಬಾಬಾಸಾಹೇಬರ ದಾರಿಯವರು ಹೇಳಿದ್ದು ಇದಕ್ಕೇ. ಹೆಸರು ಸಿಹಿ ಮಾಡಿದರೆ ಸಾಲದು, ಬಾಳು ಬದಲಾಗಬೇಕು.

ಹೆಣ್ಣುಮಕ್ಕಳ ಮಾತೂ ಹೇಳಬೇಕು. ಈ ಕಥೆಯ ಯುದ್ಧಭೂಮಿಯಲ್ಲಿ ಹೆಂಗಸರು ಗಂಡಸರಷ್ಟೇ ಇದ್ದಾರೆ. ಮಹ್‌ರುಖ್ ಅನ್ನೋ ಮಾಟಗಾತಿ ಚಕ್ರವರ್ತಿಯ ವಿರುದ್ಧ ದಂಗೆ ಎದ್ದು ಬಂದು ಎದುರಾಳಿ ಸೈನ್ಯ ಕಟ್ಟುತ್ತಾಳೆ. ಮಹಾರಾಣಿ ಹೈರತ್‌ಳ ಸ್ವಂತ ತಂಗಿ ಬಹಾರ್ ಕೂಡ ಈ ಪಕ್ಷಕ್ಕೆ ಬರುತ್ತಾಳೆ. ಅವಳು ಹೂಗುಚ್ಛ ಎಸೆದರೆ ರಣರಂಗದಲ್ಲಿ ವಸಂತ ಬಂದುಬಿಡುತ್ತದೆ. ವೈರಿಗಳು ಕತ್ತಿ ಮರೆತು ಹುಚ್ಚರ ಹಾಗೆ ಅವಳ ಹಿಂದೆ ಬೀಳುತ್ತಾರೆ. ಅಫ್ರಾಸಿಯಾಬನ ಕಡೆಯೂ ಸರ್‌ಸರ್ ಅಂತ ಒಬ್ಬ ಹೆಣ್ಣು ಅಯ್ಯಾರ ಇದ್ದಾಳೆ, ಅಮರ್‌ಗೆ ಸರಿಸಮ.

ಹಂಗಂತ ಈ ಪುಸ್ತಕವನ್ನು ತಲೆ ಮೇಲೆ ಹೊತ್ತು ಮೆರೆಸ್ರಿ ಅಂತ ನಾನು ಹೇಳೋದಿಲ್ಲ. ಇದು ರಾಜರ ಕಥೆ, ರಾಜರ ಕಾಲದ ಕಥೆ. ಅಮರ್‌ನ ಮುಖ ಮೈ ನೋಡಿ ನಗಿಸುವ ಮಾತು ಇದರಲ್ಲಿ ತುಂಬ. ಗೆದ್ದ ಧರ್ಮಕ್ಕೆ ಸೋತವರು ತಲೆಬಾಗಬೇಕು ಅನ್ನೋ ಹಟವೂ ಇದೆ. ಗೆಲ್ಲಿಸುವವನು ಆಳಿನ ಮಗ, ಕಿರೀಟ ಮಾತ್ರ ಒಡೆಯನ ಮೊಮ್ಮಗನಿಗೆ, ಅದು ಅವನ ಹಣೆಬರಹದಲ್ಲೇ ಬರೆದಿದೆಯಂತೆ. ಈ "ಹಣೆಬರಹ" ಅನ್ನೋದು ನಮಗೂ ಬಹಳ ಸಲ ಕೇಳಿಸಿದ ಮಾತು. ಓದುವಾಗ ಅಲ್ಲಿ ಬೆರಳಿಟ್ಟು ಕೇಳ್ರಿ: ಬರೆದವರು ಯಾರು? ಹಾಗೆ ಪ್ರಶ್ನೆ ಕೇಳುತ್ತ ಓದೋದೇ ನಮ್ಮ ಓದು.

ಈಗ, ಇಂಥ ಕಥೆ ಯಾಕೆ ಮರೆತುಹೋಯಿತು?

ದಾಸ್ತಾನು ಮೂಲದಲ್ಲಿ ಬಾಯಿಮಾತಿನ ಕಲೆ. ಹೇಳುವವರಿಗೆ ದಾಸ್ತಾನ್‌ಗೋ ಅನ್ನುತ್ತಾರೆ. ದಿಲ್ಲಿಯ ಜಾಮಾ ಮಸೀದಿಯ ಮೆಟ್ಟಿಲ ಮೇಲೆ, ಲಖನೌದ ಚೌಕಗಳಲ್ಲಿ ರಾತ್ರಿಗಟ್ಟಲೆ ಹೇಳುತ್ತಿದ್ದರು. ಯುದ್ಧ, ಮಜಲಿಸು, ಪ್ರೇಮ, ಅಯ್ಯಾರಿ, ತಿಲಿಸ್ಮು, ಎಲ್ಲ ಒಂದರೊಳಗೊಂದು ಹೆಣೆದ ಕಥೆ. ಕಥೆಯನ್ನು ಮುಂದೆ ಓಡಿಸೋದಷ್ಟೇ ಅಲ್ಲ, ಒಂದು ಜಾಗದಲ್ಲಿ ತಡೆದು ನಿಲ್ಲಿಸಿ ಬರೀ ವರ್ಣನೆಯಿಂದ ಜನರನ್ನು ಕೂರಿಸೋದು ಅವರ ದೊಡ್ಡ ವಿದ್ಯೆ. 1857ರ ನಂತರ ನವಾಬರು ಹೋದರು, ಆಶ್ರಯ ಹೋಯಿತು. ಇಂಗ್ಲಿಷ್ ಆಳ್ವಿಕೆಯಲ್ಲಿ ಓದಿದ ನಮ್ಮವರಿಗೇ ಇವು ನಾಚಿಕೆಯ ವಸ್ತುವಾದವು. ಸಾಹಿತ್ಯ ಅಂದರೆ ವಾಸ್ತವ ಇರಬೇಕು, ನೀತಿ ಇರಬೇಕು, ಉಪಯೋಗ ಇರಬೇಕು, ದೈತ್ಯರ ಕಥೆ ಹೇಳೋದು ಕೆಲಸವಿಲ್ಲದವರ ಕೆಲಸ ಅಂದರು. ಕಾದಂಬರಿ ಬಂತು, ನಾಟಕ ಬಂತು, ಸಿನಿಮಾ ಬಂತು. ಉರ್ದು ಒಂದು ಧರ್ಮದವರದು, ಹಿಂದಿ ಇನ್ನೊಂದು ಧರ್ಮದವರದು ಅಂತ ಭಾಷೆಯನ್ನೂ ಹಂಚಿದರು. ಲಿಪಿ ಓದುವವರು ಕಡಿಮೆಯಾದರು. ದಿಲ್ಲಿಯ ಕೊನೆಯ ಹೆಸರಾಂತ ದಾಸ್ತಾನ್‌ಗೋ ಮೀರ್ ಬಾಕರ್ ಅಲಿ. ಅಷ್ಟು ದೊಡ್ಡ ಕಲಾವಿದ ಮುಪ್ಪಿನಲ್ಲಿ ಅಡಿಕೆ ಮಾರಿ ಹೊಟ್ಟೆ ಹೊರೆದರು. 1928ರಲ್ಲಿ ತೀರಿಕೊಂಡರು. ಅವರೊಂದಿಗೆ ಆ ಕಲೆಯೂ ಮಣ್ಣಾಯಿತು ಅಂತ ಎಲ್ಲರೂ ತಿಳಿದರು.

ಹೀಗೆ ಕಥೆ ಸತ್ತದ್ದು ಅದರಲ್ಲಿ ಸತ್ವ ಇಲ್ಲ ಅಂತಲ್ಲ. ಪೆನ್ನು ಹಿಡಿದವರು ಅದನ್ನು ಸಾಹಿತ್ಯ ಅಲ್ಲ ಅಂದರು, ಹೇಳುವವರ ಹೊಟ್ಟೆಗೆ ಅನ್ನ ಸಿಗಲಿಲ್ಲ. ಒಂದು ಕಥೆ ಸಾಯೋದಕ್ಕೆ ಈ ಎರಡು ಸಾಕು.

ಮತ್ತೆ ಎಬ್ಬಿಸಿದ್ದು ಯಾರು? ಅಂಚೆ ಇಲಾಖೆಯ ಒಬ್ಬ ಅಧಿಕಾರಿ. ಶಮ್ಸುರ್ ರಹಮಾನ್ ಫಾರೂಕಿ ಅಂತ, ಅಲಹಾಬಾದಿನವರು, ಉರ್ದುವಿನ ದೊಡ್ಡ ವಿಮರ್ಶಕರು. 46 ಸಂಪುಟಗಳು ಒಂದು ಕಡೆ ಸಿಗುವುದೇ ದುರ್ಲಭವಾಗಿತ್ತು. ಅವರು ವರ್ಷಗಟ್ಟಲೆ ಹುಡುಕಿ ಅವನ್ನು ಕೂಡಿಹಾಕಿದರು, ಓದಿದರು, ಇವು ಕೆಟ್ಟ ಕಾದಂಬರಿಗಳಲ್ಲ, ಬಾಯಿಮಾತಿನ ಕಥೆಗೆ ಬೇರೆಯದೇ ನಿಯಮ ಇದೆ ಅಂತ ಹಲವು ಸಂಪುಟಗಳಲ್ಲಿ ಬರೆದು ತೋರಿಸಿದರು. 2020ರ ಡಿಸೆಂಬರಿನಲ್ಲಿ ತೀರಿಕೊಂಡರು. ಪಟ್ನಾದ ಖುದಾಬಕ್ಷ್ ಗ್ರಂಥಾಲಯ 1988ರಲ್ಲಿ ಹೋಶ್‌ರುಬಾ ಸಂಪುಟಗಳನ್ನು ಮರುಮುದ್ರಣ ಮಾಡಿತು. ಫಾರೂಕಿ ಅವರ ಮಾರ್ಗದರ್ಶನದಲ್ಲಿ ಅವರ ಬಂಧು ಮಹಮೂದ್ ಫಾರೂಕಿ 2005ರ ಮೇ ತಿಂಗಳಲ್ಲಿ ದಿಲ್ಲಿಯಲ್ಲಿ ಗೆಳೆಯರೊಬ್ಬರ ಜೊತೆ ಬಿಳಿ ಅಂಗಿ ತೊಟ್ಟು, ಹಾಸಿನ ಮೇಲೆ ಕೂತು ಮತ್ತೆ ದಾಸ್ತಾನ್ ಹೇಳಿದರು. ಸೆಟ್ಟಿಲ್ಲ, ಮೈಕಿನ ಅಬ್ಬರವಿಲ್ಲ, ಇಬ್ಬರ ಬಾಯಿ ಅಷ್ಟೇ. ಜನ ಕೂತು ಕೇಳಿದರು. ಈಗ ಅದು ಊರೂರಿಗೆ ಹೋಗಿದೆ. ಹಳೆಯ ಕಥೆಯ ಜೊತೆಗೆ ಡಾಕ್ಟರ್ ಬಿನಾಯಕ್ ಸೇನ್ ಅವರ ಮೇಲೆ ಹಾಕಿದ ದೇಶದ್ರೋಹದ ಕೇಸಿನಂಥ ಇಂದಿನ ಸಂಗತಿಯನ್ನೂ ದಾಸ್ತಾನಾಗಿ ಹೇಳಿದ್ದಾರೆ. 2009ರಲ್ಲಿ ಇಂಗ್ಲಿಷಿಗೆ ಮುಷರ್ರಫ್ ಅಲಿ ಫಾರೂಕಿ ಮೊದಲ ಭಾಗವನ್ನೂ, ಶಹನಾಜ್ ಐಜಾಜುದ್ದೀನ್ ಸಂಕ್ಷೇಪವನ್ನೂ ತಂದರು. ಕಾಲೇಜಿನಲ್ಲಿ ಓದುವ ತಂಗಿಯಂದಿರೇ, ಇಂಗ್ಲಿಷ್ ಬರುವವರು ಅಲ್ಲಿಂದ ಶುರು ಮಾಡ್ರಿ.

ಈ ಹಮ್ಜಾ ಕಥೆಗೆ ಇನ್ನೊಂದು ರೂಪ ಇದೆ, ಬಟ್ಟೆಯ ಮೇಲಿನ ಚಿತ್ರದ ರೂಪ. ಅಕ್ಬರ್ ಬಾದಶಹ 1560ರ ದಶಕದಲ್ಲಿ ಶುರು ಮಾಡಿಸಿ ಸುಮಾರು 15 ವರ್ಷ ಬರೆಸಿದ. ಒಂದೊಂದೂ ಎರಡಡಿಗಿಂತ ಎತ್ತರದ ಬಟ್ಟೆಯ ಹಾಳೆ, ಮುಂದೆ ಚಿತ್ರ, ಹಿಂದೆ ಕಥೆ. ಸುಮಾರು 1,400 ಚಿತ್ರ. ಇವತ್ತು ಉಳಿದದ್ದು 200ಕ್ಕೂ ಕಡಿಮೆ, ಅದೂ ಬಹುಪಾಲು ವಿಯೆನ್ನಾ, ಲಂಡನ್ ಮುಂತಾದ ಕಡೆ. 1881ರಲ್ಲಿ ಶ್ರೀನಗರದ ಅಂಗಡಿಯೊಂದರಲ್ಲಿ ಕೆಲವು ಹಾಳೆಗಳು ಕಿಟಕಿಗೆ ಮುಚ್ಚಿದ ಸ್ಥಿತಿಯಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿಯ ಕಣ್ಣಿಗೆ ಬಿದ್ದವು. ಗಾಳಿ ತಡೆಯಲು ಬಡಿದಿದ್ದ ಆ ಬಟ್ಟೆ ಈಗ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿ ಗಾಜಿನೊಳಗಿದೆ.

ಅಕ್ಬರನ ಚಿತ್ರಶಾಲೆಯಲ್ಲಿ ದಸ್ವಂತ ಅಂತ ಒಬ್ಬ ಇದ್ದ. ಪಲ್ಲಕ್ಕಿ ಹೊರುವವನ ಮಗ. ಗೋಡೆ ಕಂಡಲ್ಲಿ ಗೀಚುತ್ತಿದ್ದ. ಬಾದಶಹನ ಕಣ್ಣಿಗೆ ಬಿದ್ದು, ಉಸ್ತಾದ್ ಅಬ್ದುಸ್ಸಮದ್ ಕೈಕೆಳಗೆ ಕಲಿತು, ಎಲ್ಲರನ್ನೂ ಮೀರಿಸಿದ ಅಂತ ಅಬುಲ್ ಫಜಲ್ ಬರೆದಿದ್ದಾನೆ. ಮಹಾಭಾರತದ ಪಾರಸಿ ಅನುವಾದಕ್ಕೆ ಚಿತ್ರ ಬರೆದ ಮುಖ್ಯರಲ್ಲಿ ಅವನೂ ಒಬ್ಬ. ಕೊನೆಗೆ ಮನಸ್ಸಿನ ಕಾಯಿಲೆಯಾಗಿ 1584ರಲ್ಲಿ ತನ್ನ ಜೀವ ತಾನೇ ತೆಗೆದುಕೊಂಡ. ಒಂದು ಅವಕಾಶ ಸಿಕ್ಕರೆ ಪಲ್ಲಕ್ಕಿ ಹೊತ್ತವನ ಮಗ ಎಲ್ಲಿಗೆ ಏರಬಲ್ಲ, ಏರಿದ ಮೇಲೆಯೂ ಒಳಗೆ ಎಷ್ಟು ಒಂಟಿಯಾಗಬಲ್ಲ, ಎರಡನ್ನೂ ದಸ್ವಂತನಲ್ಲಿ ನಾನು ಕಾಣುತ್ತೇನೆ. ಹೈದರಾಬಾದಿಗೆ, ಬೆಂಗಳೂರಿಗೆ ಓದಲು ಹೋಗಿರುವ ನಮ್ಮ ಹುಡುಗರನ್ನು ವಾರಕ್ಕೊಮ್ಮೆಯಾದರೂ ಫೋನ್ ಮಾಡಿ ಮಾತಾಡಿಸ್ರಿ. ಮಾರ್ಕ್ಸ್ ಕೇಳೋದಕ್ಕಿಂತ ಮೊದಲು "ಹೆಂಗಿದ್ದೀಯೋ ತಮ್ಮಾ" ಅಂತ ಕೇಳ್ರಿ.

ಬಟ್ಟೆಯ ಮೇಲೆ ಚಿತ್ರ, ಪಕ್ಕದಲ್ಲಿ ನಿಂತು ಕಥೆ ಹೇಳುವವನು ಅಂದಾಗ ಈ ಕೇರಿಯ ಹಿರಿಯರ ಕಣ್ಣಲ್ಲಿ ಏನೋ ಮಿಂಚಿತು, ನಾನು ನೋಡಿದೆ. ಹೌದು, ನಮ್ಮ ದಕ್ಕಲಿಗರು. ಪಟ ಬಿಚ್ಚಿ, ಕಿನ್ನೂರಿ ನುಡಿಸಿ ಜಾಂಬಪುರಾಣ ಹೇಳುವವರು. ಭೂಮಿಗಿಂತ ಆರು ತಿಂಗಳು ಮೊದಲು ಹುಟ್ಟಿದ ಜಾಂಬವನ ಕಥೆ. ಲೋಕ ಹುಟ್ಟುವ ಮೊದಲೇ ನಾವಿದ್ದೆವು ಅಂತ, ಊರ ಹೊರಗೆ ಇಟ್ಟ ಜನ ಕಟ್ಟಿಕೊಂಡ ಪುರಾಣ. ಇದಕ್ಕಿಂತ ದೊಡ್ಡ ಸವಾಲು ಯಾವ ಮಹಾಕಾವ್ಯದಲ್ಲಿದೆ? ನದಿಯ ಆಕಡೆ, ಕರ್ನಾಟಕದಲ್ಲಿ ಕವಿ ಕೆ.ಬಿ. ಸಿದ್ದಯ್ಯನವರು ದಕ್ಲಕಥಾದೇವಿ ಅಂತ ಕಾವ್ಯವನ್ನೇ ಬರೆದರು. ಈಕಡೆ, ನಮ್ಮ ಹಳೇ ಪಾಲಮೂರು ಜಿಲ್ಲೆಯ ಕಿನ್ನೆರ ಮೊಗಿಲಯ್ಯನವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಪದ್ಮಶ್ರೀ ಬಂದ ಮೇಲೆ ಎಲ್ಲರೂ ಫೋಟೋ ತೆಗೆಸಿಕೊಂಡರು.

ಈಗ ಕಹಿ ಮಾತು ಹೇಳಲೇಬೇಕು. ಊರು ನಮ್ಮನ್ನು ಹೊರಗಿಟ್ಟಿತು ಅಂತ ನಾವು ಹೋರಾಟ ಮಾಡುತ್ತೇವೆ, ಸರಿ. ನಮ್ಮ ಪುರಾಣ ಹೇಳಿ, ನಮ್ಮಲ್ಲಿ ಮಾತ್ರ ಬೇಡಿ ಬದುಕಿದ ದಕ್ಕಲಿಗರನ್ನು ನಾವು ಎಲ್ಲಿ ನಿಲ್ಲಿಸಿದೆವು? ಕೇರಿಯ ಅಂಚಿನಲ್ಲಿ. ಮನೆಯ ಹೊಸ್ತಿಲು ತುಳಿಯಲು ಬಿಡಲಿಲ್ಲ. ನೀರು ಎತ್ತಿ ಹಾಕಿದೆವು. ಊರು ನಮಗೆ ಮಾಡಿದ್ದನ್ನು ನಾವು ಅವರಿಗೆ ಮಾಡಿದೆವು. ಬಾಬಾಸಾಹೇಬರು ಜಾತಿಯನ್ನು ಏಣಿಯ ಹಾಗೆ ವಿವರಿಸಿದರಲ್ಲ, ಮೇಲೆ ಏರಿದಂತೆ ಗೌರವ, ಕೆಳಗೆ ಇಳಿದಂತೆ ತಿರಸ್ಕಾರ, ಆ ಏಣಿ ನಮ್ಮ ಕೇರಿಯಲ್ಲೂ ನಿಂತಿದೆ. ಮೀರ್ ಬಾಕರ್ ಅಲಿ ಅಡಿಕೆ ಮಾರಿದರು ಅಂದಾಗ ನಿಮ್ಮಲ್ಲಿ ಕೆಲವರು "ಛೇ" ಅಂದಿರಿ. ನಮ್ಮ ದಕ್ಕಲಿಗರ ಮಕ್ಕಳು ಇವತ್ತು ಹೈದರಾಬಾದಿನಲ್ಲಿ ಕೂದಲು ಆಯ್ದು, ಗುಜರಿ ಆಯ್ದು ಬದುಕಿದರೆ ಅದಕ್ಕೆ "ಛೇ" ಅನ್ನುವವರು ಯಾರು? ಅವರ ಪಟಗಳು ಯಾವ ಗುಡಿಸಲಿನ ಕಿಟಕಿಗೆ ಬಡಿದಿವೆಯೋ, ಮಳೆಗೆ ಯಾವಾಗ ಕರಗಿದವೋ ನಾವು ಹೋಗಿ ನೋಡಿದ್ದೇವೆಯೇ?

ಆದ್ದರಿಂದ ಸಂಘದ ತಮ್ಮಂದಿರು ತಂಗಿಯಂದಿರ ಮುಂದೆ ಮೂರು ಕೆಲಸ ಇಡುತ್ತೇನೆ. ರೊಕ್ಕ ಬಹಳ ಬೇಕಾಗಿಲ್ಲ, ಮನಸ್ಸು ಬೇಕು.

ಮೊದಲನೆಯದು, ಕೇಳಿ ಇಟ್ಟುಕೊಳ್ಳೋದು. ಕೈಯಲ್ಲಿ ಎಲ್ಲರಿಗೂ ಫೋನು ಇದೆ. ಕಥೆ ಬಲ್ಲ ದಕ್ಕಲಿಗ ಹಿರಿಯರು, ಹಾಡು ಬಲ್ಲ ನಮ್ಮ ಅಜ್ಜಿಯರು ಎಲ್ಲಿದ್ದಾರೆ ಅಂತ ಪಟ್ಟಿ ಮಾಡ್ರಿ. ಹೋಗಿ, ಒಪ್ಪಿಗೆ ಕೇಳಿ, ಅವರ ಒಂದು ದಿನದ ಕೂಲಿಗೆ ಕಡಿಮೆ ಇಲ್ಲದಷ್ಟು ಗೌರವಧನ ಕೊಟ್ಟು ಕೂರಿಸ್ರಿ. ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ಬಾಯಿಗೆ ಹತ್ತಿರ ಇಟ್ಟು, ಫ್ಯಾನು ಆರಿಸಿ ರೆಕಾರ್ಡ್ ಮಾಡ್ರಿ. "ಐದು ನಿಮಿಷದಾಗ ಹೇಳಿಬಿಡು ಅಜ್ಜಾ" ಅನ್ನಬ್ಯಾಡ್ರಿ. ಪೂರ್ತಿ ಹೇಳಲಿ, ರಾತ್ರಿ ಆದರೂ ಆಗಲಿ. ಹೇಳಿದವರ ಹೆಸರು, ಊರು, ತಾರೀಖು ಮೊದಲೇ ಬರೆದುಕೊಳ್ರಿ. ಪ್ರತಿ ರೆಕಾರ್ಡಿಗೆ ಎರಡು ಕಡೆ ಕಾಪಿ ಇಡ್ರಿ. ಒಂದು ಫೋನು ಬಾವಿಗೆ ಬಿದ್ದರೆ ಪುರಾಣವೇ ಬಾವಿಗೆ ಬೀಳಬಾರದು.

ಎರಡನೆಯದು, ಬರೆದು ಅಚ್ಚು ಹಾಕೋದು. ಬಾಬಾಸಾಹೇಬರು 1920ರಲ್ಲಿ ಮೂಕನಾಯಕ, 1927ರಲ್ಲಿ ಬಹಿಷ್ಕೃತ ಭಾರತ ಪತ್ರಿಕೆ ಶುರು ಮಾಡಿದ್ದು ಯಾಕೆ? ಬೇರೆಯವರ ಪತ್ರಿಕೆಯಲ್ಲಿ ನಮ್ಮ ಮಾತಿಗೆ ಜಾಗ ಇರಲಿಲ್ಲ ಅಂತ. ರೆಕಾರ್ಡ್ ಮಾಡಿದ್ದನ್ನು ಅವರಾಡಿದ ಹಾಗೇ, ತೆಲುಗು ಕನ್ನಡ ಬೆರೆತಿದ್ದರೆ ಬೆರೆತ ಹಾಗೇ, ಕನ್ನಡ ಲಿಪಿಯಲ್ಲಿ ಇಳಿಸ್ರಿ. ತಿದ್ದಿ ಶುದ್ಧ ಮಾಡಬ್ಯಾಡ್ರಿ. ಮುಂದಿನ ವರ್ಷದ ಸ್ಮರಣ ಸಂಚಿಕೆಯಲ್ಲಿ ಜಾಹೀರಾತಿನ ಎರಡು ಪುಟ ಕಡಿಮೆಯಾದರೂ ಪರವಾಗಿಲ್ಲ, ಜಾಂಬಪುರಾಣದ ಹತ್ತು ಪುಟ ಬರಲಿ. ಹೇಳಿದವರ ಹೆಸರು ಮೇಲೆ, ಬರೆದುಕೊಂಡವರ ಹೆಸರು ಕೆಳಗೆ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಮುಂದಿನ ವಾರ್ಷಿಕೋತ್ಸವಕ್ಕೆ ದಕ್ಕಲಿಗ ಕುಟುಂಬಗಳನ್ನು ಕರೆಯಬೇಕು. ಬೇಡಲು ಬರ್ರಿ ಅಂತಲ್ಲ, ಅತಿಥಿಗಳಾಗಿ ಬರ್ರಿ ಅಂತ. ಇದೇ ವೇದಿಕೆಯ ಮೇಲೆ ಪಟ ಬಿಚ್ಚಬೇಕು. ಇದೇ ಪಂಕ್ತಿಯಲ್ಲಿ ಅವರ ಮಕ್ಕಳು ನಮ್ಮ ಮಕ್ಕಳ ಜೊತೆ ಕೂತು ಉಣ್ಣಬೇಕು. ಇದಕ್ಕೆ ಸಂಘದ ಹಿರಿಯರಲ್ಲಿ ಒಬ್ಬಿಬ್ಬರ ಮುಖ ಗಂಟಾಗಬಹುದು. ಆಗಲಿ. ಮುಖ ಗಂಟಾಗದೆ ಯಾವ ಗಂಟು ಬಿಚ್ಚಿದೆ? ಊರಿನ ಅಣ್ಣಂದಿರೂ ಇಲ್ಲಿದ್ದೀರಿ, ನಿಮಗೂ ಕರೆ ಇದೆ. ನಮ್ಮ ಪಂಕ್ತಿ ನೋಡಿ ನಿಮ್ಮ ಪಂಕ್ತಿಯ ವಿಚಾರವೂ ಮಾಡ್ರಿ.

ಅಮರ್ ಅಯ್ಯಾರನ ಜಂಬೀಲಿನಲ್ಲಿ ಊರಿಗೆ ಊರೇ ಹಿಡಿಸುತ್ತಿತ್ತು ಅಂದೆನಲ್ಲ. ಒಬ್ಬ ಕಥೆಗಾರನ ನೆನಪಿನ ಚೀಲ ಅಂಥದ್ದು. ಆ ಚೀಲ ಹೊತ್ತವರು ಈಗ ಮುದುಕರಾಗಿದ್ದಾರೆ. ಲಖನೌದಲ್ಲಿ 46 ಸಂಪುಟ ಅಚ್ಚು ಮಾಡಿ ಇಟ್ಟಿದ್ದರಿಂದ ನೂರು ವರ್ಷ ಮರೆತರೂ ಒಬ್ಬ ಫಾರೂಕಿ ಹುಡುಕಿ ಎಬ್ಬಿಸಿದರು. ನಮ್ಮಲ್ಲಿ ಅಚ್ಚಾದದ್ದು ಎಷ್ಟು? ಹೇಳುವ ಬಾಯಿ ನಿಂತರೆ ಆಮೇಲೆ ಹುಡುಕಲು ಏನೂ ಉಳಿಯೋದಿಲ್ಲ. ಮುಂದಿನ ಭಾನುವಾರವೇ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು ಹೊರಡ್ರಿ. ಬಸ್ ಚಾರ್ಜ್ ಸಂಘ ಕೊಡಲಿ, ಸಂಘದ ಹತ್ತಿರ ಇಲ್ಲದಿದ್ದರೆ ನನ್ನ ಹತ್ತಿರ ಇಸ್ಕೊಳ್ರಿ.